ಸುಳ್ಳು ಹೇಳಿ ಕಳಿಸಬೇಡಿ

ಕಾಲೇಜು ಬಿಟ್ಟು, ಎಲ್ಲರ ಮೇಲೂ ರೇಗುತ್ತಾ ರೂಮಿನಲ್ಲೇ ಕೂತಿರುವ 19 ವರ್ಷದ ತಮ್ಮನನ್ನು ಟೂರ್ ಅಂತ ಸುಳ್ಳು ಹೇಳಿಯಾದರೂ ಕಾಡಿನ ಸಾಹಸ ಶಿಬಿರಕ್ಕೆ ಕಳಿಸಬಹುದಾ ಅಂತ ಕೇಳಿದ್ದೀರಿ. ಶಿಬಿರ ಸರಿ, ಸುಳ್ಳು ಬೇಡ. ಮೋಸ ಮಾಡಿ ಕರೆತಂದರೆ ಅಲ್ಲಿ ಅವನು ಯಾರನ್ನು ನಂಬುತ್ತಾನೆ?

ಇದು ಹೊಸ ಪ್ರಯೋಗವೇನಲ್ಲ. 1941ರಲ್ಲೇ ಶಿಕ್ಷಣತಜ್ಞ ಕರ್ಟ್ ಹಾನ್ ಮತ್ತು ಸಂಗಡಿಗರು ಬ್ರಿಟನ್ನಿನ ವೇಲ್ಸ್‌ನಲ್ಲಿ ಔಟ್‌ವರ್ಡ್ ಬೌಂಡ್ ಅನ್ನುವ ಸಾಹಸ ಶಾಲೆ ಶುರು ಮಾಡಿದ್ದರು. ಬೆಟ್ಟದ ತುದಿಯಲ್ಲಿ ತೆಗೆದ ಫೋಟೋದಿಂದ ಹುಡುಗರು ಬದಲಾಗುವುದಿಲ್ಲ ಅಂತ ನನ್ನ ಅನಿಸಿಕೆ. ಟೆಂಟ್ ಸರಿಯಾಗಿ ಕಟ್ಟದಿದ್ದರೆ ರಾತ್ರಿ ನೆನೆಯುತ್ತಾನೆ. ಯಾರೂ ಬೈಯುವುದಿಲ್ಲ, ಮಳೆ ಜೊತೆ ಜಗಳ ಆಡೋಕೂ ಆಗಲ್ಲ. ಮರುದಿನ ತಾನೇ ಬಿಗಿಯಾಗಿ ಕಟ್ಟುತ್ತಾನೆ. ಅಡುಗೆ ಸರದಿ ಅವನದಾದರೆ ಇಡೀ ಗುಂಪು ಅವನನ್ನೇ ಕಾಯುತ್ತದೆ. ತನ್ನಿಂದಲೂ ಉಪಯೋಗವಿದೆ ಅನ್ನುವುದು ಹಾಗೆ ಗೊತ್ತಾಗುತ್ತದೆ, ಭಾಷಣದಿಂದಲ್ಲ.

ಆದರೆ ಹುಡುಗರನ್ನು 'ತಿದ್ದುತ್ತೇವೆ' ಅನ್ನುವ ಜಾಗಗಳ ಬಗ್ಗೆ ಹುಷಾರು. ಅಮೆರಿಕದಲ್ಲಿ ಇಂಥ ಕಡೆ ಸಾವುಗಳೇ ಆಗಿವೆ. 2007ರಲ್ಲಿ ಅಲ್ಲಿನ ಸರ್ಕಾರಿ ತನಿಖಾ ವರದಿಯೂ ಬಂತು. ತರಬೇತಿ ಇಲ್ಲದ ಸಿಬ್ಬಂದಿ, ಸಾಕಾಗದಷ್ಟು ಊಟ, ಹುಷಾರಿಲ್ಲ ಅಂದರೆ ನಾಟಕ ಅನ್ನುವುದು, ಎಲ್ಲ ಅದರಲ್ಲಿದೆ.

ಹಾಗಾಗಿ ನೇರವಾಗಿ ಕೇಳಿ: ಪ್ರಥಮ ಚಿಕಿತ್ಸೆ ಯಾರಿಗೆ ಗೊತ್ತು? ಆಸ್ಪತ್ರೆಗೆ ಎಷ್ಟು ಹೊತ್ತು? ಮನೆಗೆ ಫೋನ್ ಮಾಡಲು ಬಿಡುತ್ತಾರಾ? ತಡವರಿಸಿದರೆ ಬಿಟ್ಟುಬಿಡಿ. ಸಾಯುವ ಮಾತಾಡುತ್ತಿದ್ದರೆ, ಡ್ರಗ್ಸ್ ಇದ್ದರೆ ಮೊದಲು ಮನೋವೈದ್ಯರ ಹತ್ತಿರ ಹೋಗಿ. ಅದೇನೂ ಇಲ್ಲದಿದ್ದರೆ ಎರಡು ದಿನದ ಚಾರಣದಿಂದ ಶುರು ಮಾಡಿ. ಎಲ್ಲಿಗೆ ಅನ್ನುವುದನ್ನು ಅವನೇ ಆರಿಸಲಿ.