2022ರ ಮಾರ್ಚ್‌ನಲ್ಲಿ ಬ್ಯಾಂಕಾಕ್‌ಗೆ ಅಗ್ಗದಲ್ಲಿ ಹೋಗಿಬರಬಹುದಿತ್ತಾ?

ಚಿಕ್ಕಬಳ್ಳಾಪುರದಿಂದ ಒಬ್ಬರೇ ಹೊರಟಿದ್ದಿರಿ, 2022ರ ಮಾರ್ಚ್ ಕೊನೆಗೆ ಹೋದರೆ ಮೊದಲಿನ ಹಾಗೆ ಹಲವರು ಹಂಚಿಕೊಳ್ಳುವ ಡಾರ್ಮ್‌ನಲ್ಲಿ ಮಲಗಿ ಅಗ್ಗದಲ್ಲಿ ಮುಗಿಸಬಹುದಾ ಅಂತ ಕೇಳಿದ್ದಿರಿ. ಆಗ ಕಷ್ಟವೇ ಇತ್ತು ಸರ್. ಜೇಬಿಗೆ ಕತ್ತರಿ ಹಾಕುತ್ತಿದ್ದುದು ಟಿಕೆಟ್ ಅಲ್ಲ, ಥಾಯ್ಲೆಂಡ್‌ಗೆ ಬರುವವರಿಗೆ ಆಗ ಇದ್ದ 'ಟೆಸ್ಟ್ ಅಂಡ್ ಗೋ' ಎಂಬ ಕೋವಿಡ್ ನಿಯಮ. ಮೊದಲ ರಾತ್ರಿ ಅಲ್ಲಿನ ಸರ್ಕಾರ ಒಪ್ಪಿದ ಹೋಟೆಲ್‌ನಲ್ಲೇ ಇರಬೇಕಿತ್ತು. ರೂಮು, ಏರ್‌ಪೋರ್ಟ್‌ನಿಂದ ಗಾಡಿ, ಆರ್‌ಟಿ-ಪಿಸಿಆರ್ ಎಲ್ಲ ಸೇರಿಸಿ ದುಡ್ಡು ಮುಂಚೆಯೇ ಕಟ್ಟಬೇಕಿತ್ತು, ರಿಪೋರ್ಟ್ ಬರುವ ತನಕ ಬಾಗಿಲು ದಾಟುವ ಹಾಗಿರಲಿಲ್ಲ. ಒಬ್ಬರೇ ಆದ್ದರಿಂದ ಪೂರ್ತಿ ಬಾಡಿಗೆ ನಿಮ್ಮ ತಲೆಗೇ. ಡಾರ್ಮ್ ಏನಿದ್ದರೂ ಆಮೇಲೆ.

ಇನ್ಶೂರೆನ್ಸ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡುವ ಹಾಗಿರಲಿಲ್ಲ. ಮೊದಲು 50 ಸಾವಿರ ಡಾಲರ್ ಕವರ್ ಕೇಳುತ್ತಿದ್ದರು, ಆ ಮಾರ್ಚ್ 1ರಿಂದ 20 ಸಾವಿರ ಸಾಕಾಗಿತ್ತು. ಆದರೆ ಲಕ್ಷಣವೇ ಇಲ್ಲದೆ ಪಾಸಿಟಿವ್ ಬಂದರೂ ಐಸೊಲೇಷನ್ ಖರ್ಚು ಕೊಡುತ್ತಾರಾ ಅಂತ ಪಾಲಿಸಿ ಓದಿ ನೋಡಬೇಕಿತ್ತು. ಕಡಿಮೆ ರೇಟಿನ ಎಷ್ಟೋ ಪಾಲಿಸಿಗಳು ಕೈಕೊಡುತ್ತಿದ್ದುದು ಇಲ್ಲೇ.

ಇನ್ನೊಂದು, ಹೊರಡುವ ಮುಂಚೆ ಇಲ್ಲಿ ಟೆಸ್ಟ್ ಕೊಡುವಾಗ ಪಾಸ್‌ಪೋರ್ಟ್ ತೋರಿಸಬೇಕಿತ್ತು. ನಮ್ಮ ಕಡೆ ಆಧಾರ್‌ನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುತ್ತದಲ್ವಾ, ರಿಪೋರ್ಟ್‌ನಲ್ಲಿ ಹೆಸರು ತಾಳೆಯಾಗದಿದ್ದರೆ ಏರ್‌ಪೋರ್ಟ್ ಕೌಂಟರ್‌ನಲ್ಲಿ ಸುಮ್ನೆ ತಲೆನೋವಾಗುತ್ತಿತ್ತು.

ರಜೆ ಮುಂದೂಡಲು ಆಗಿದ್ದರೆ ಏಪ್ರಿಲ್‌ಗೆ ಹೋಗಬಹುದಿತ್ತು. 1ನೇ ತಾರೀಖಿನಿಂದ ಹೊರಡುವ ಮುಂಚಿನ ಟೆಸ್ಟ್ ಬೇಡ ಅಂತ ಹೇಳಿದ್ದರು, ಒಂದು ಖರ್ಚಾದರೂ ತಪ್ಪುತ್ತಿತ್ತು. ಅಲ್ಲಿ ಇಳಿದ ಮೇಲಿನ ಟೆಸ್ಟ್ ಇದ್ದೇ ಇತ್ತು. ಅಲ್ಲಿಗೆ ಹೋಗಲು ಆಗ ಬೇಕಿದ್ದ ಆನ್‌ಲೈನ್ ಅನುಮತಿ 'ಥಾಯ್ಲೆಂಡ್ ಪಾಸ್' ಕೈಗೆ ಬರುವ ತನಕ ದುಡ್ಡು ವಾಪಸ್ ಬರದ ಟಿಕೆಟ್ ತೆಗೆಯುವ ಹಾಗಿರಲಿಲ್ಲ. ದೇವನಹಳ್ಳಿ ನಿಮಗೆ ಪಕ್ಕದಲ್ಲೇ ಇದೆ, ಟ್ಯಾಕ್ಸಿ ದುಡ್ಡಾದರೂ ಉಳಿಯಿತು ಬಿಡಿ.