ಜ್ವರ ಬಿಟ್ಟು ನಾಲ್ಕು ತಿಂಗಳಾದರೂ ಸುಸ್ತು ಬಿಟ್ಟಿಲ್ಲ, ವಾಕಿಂಗ್ ಮಾಡಲೇ?

ಪ್ರಶ್ನೆ: ನನಗೆ 38 ವರ್ಷ. ನಾಲ್ಕು ತಿಂಗಳ ಹಿಂದೆ ವೈರಲ್ ಜ್ವರ ಬಂದಿತ್ತು. ವಾರದಲ್ಲಿ ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ. ಸ್ನಾನ ಮಾಡಿ ಬಂದರೆ ಮಲಗಬೇಕು ಅನಿಸುತ್ತದೆ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತೇನೆ. ರಕ್ತಪರೀಕ್ಷೆ ನಾರ್ಮಲ್ ಇದೆ. ಡಾಕ್ಟರು ‘ದಿನಾ ವಾಕಿಂಗ್ ಮಾಡಿ, ವಾರಕ್ಕೆ ಐದೈದು ನಿಮಿಷ ಜಾಸ್ತಿ ಮಾಡ್ತಾ ಹೋಗಿ’ ಎಂದರು. ಸೋಮವಾರ ಅರ್ಧ ಗಂಟೆ ನಡೆದೆ, ಮಂಗಳವಾರ ಪರವಾಗಿಲ್ಲ ಅನ್ನಿಸಿತು, ಬುಧವಾರ ಹಾಸಿಗೆಯಿಂದ ಏಳಲಾಗಲಿಲ್ಲ. ಹೀಗೆ ಮೂರು ಸಲ ಆಯಿತು. ಮನೆಯವರು ಸೋಮಾರಿತನ ಅನ್ನುತ್ತಾರೆ. ನಡಿಗೆ ಮುಂದುವರಿಸಲೇ?

ಉತ್ತರ: ವಾರ ವಾರ ಹೆಚ್ಚಿಸುವುದನ್ನು ಇವತ್ತೇ ನಿಲ್ಲಿಸಿ. ಓಡಾಟವನ್ನೇ ಪೂರ್ತಿ ಬಿಡಬೇಕಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಬುಧವಾರದ ಮೇಲೆ. ಬಹಳ ದಿನ ಮಲಗಿ ಮೈ ಸೋತವರು ನಡೆದ ದಿನವೇ ದಣಿಯುತ್ತಾರೆ, ಒಂದು ನಿದ್ದೆ ಆದರೆ ಸುಧಾರಿಸಿಕೊಳ್ಳುತ್ತಾರೆ. ಅವರಿಗೆ ನಿಮ್ಮ ಡಾಕ್ಟರ ಸಲಹೆ ಸರಿ. ನಿಮ್ಮದು ಒಂದೆರಡು ದಿನ ಬಿಟ್ಟು ಬಂದು ಬೀಳಿಸುವ ಸುಸ್ತು. ಇದಕ್ಕೆ ವೈದ್ಯರು ‘ಪೋಸ್ಟ್ ಎಕ್ಸರ್ಷನಲ್ ಮಲೈಸ್’ ಅನ್ನುತ್ತಾರೆ, ಚಿಕ್ಕದಾಗಿ ಪಿಇಎಂ. ಸಾಮಾನ್ಯವಾಗಿ 12ರಿಂದ 48 ಗಂಟೆ ತಡವಾಗಿ ಬರುತ್ತದೆ. ನಡುವೆ ಒಂದು ಒಳ್ಳೆ ದಿನ ಇರುವುದರಿಂದ ನಡಿಗೆಗೂ ಇದಕ್ಕೂ ಸಂಬಂಧ ಇದೆ ಅಂತ ರೋಗಿಗೂ ಹೊಳೆಯುವುದಿಲ್ಲ, ಡಾಕ್ಟರಿಗೂ ಹೊಳೆಯುವುದಿಲ್ಲ. ‘ನಡೆದ ಎರಡನೇ ದಿನ ಹೇಗಿದ್ರಿ?’ ಅಂತ ಯಾರಾದರೂ ಕೇಳಿದ್ದರೆ ನಿಮಗೆ ಆ ಮೂರು ಬುಧವಾರ ತಪ್ಪುತ್ತಿತ್ತು.

ಡಾಕ್ಟರನ್ನೇ ದೂರಬೇಡಿ. ಹಂತ ಹಂತವಾಗಿ ವ್ಯಾಯಾಮ ಹೆಚ್ಚಿಸಿ ಅನ್ನುವುದು ಎಷ್ಟೋ ವರ್ಷ ಪುಸ್ತಕದ ಸಲಹೆಯೇ ಆಗಿತ್ತು. ಹೆಚ್ಚಾಗಿ ವೈರಸ್ ಸೋಂಕಿನ ನಂತರ ಶುರುವಾಗಿ ಹೀಗೆ ಬಹುಕಾಲ ಉಳಿಯುವ ಒಂದು ಕಾಯಿಲೆಗೆ ಎಂಇ/ಸಿಎಫ್‌ಎಸ್ (ಕ್ರಾನಿಕ್ ಫಟೀಗ್ ಸಿಂಡ್ರೋಮ್) ಅನ್ನುತ್ತಾರೆ. ಅದಕ್ಕೆ ಚಿಕಿತ್ಸೆ ಹೇಗಿರಬೇಕು ಅಂತ ಡಾಕ್ಟರಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಈ ವ್ಯಾಯಾಮವನ್ನೇ ಹೇಳಿತ್ತು. 2021ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆ, ನಿಗದಿ ಮಾಡಿದಷ್ಟು ಏರಿಸುತ್ತಾ ಹೋಗುವ ವ್ಯಾಯಾಮವನ್ನು ಇವರಿಗೆ ಕೊಡಬೇಡಿ ಎಂದಿತು. ಹಳೇ ಸಲಹೆ ಮಾತ್ರ ಬಾಯಿಂದ ಬಾಯಿಗೆ ಓಡಾಡುತ್ತಲೇ ಇದೆ. ನಿಮ್ಮದು ಎಂಇ/ಸಿಎಫ್‌ಎಸ್ಸೇ ಅಂತ ಪತ್ರ ಓದಿ ಹೇಳಲಾಗದು. ಆದರೆ ಪಿಇಎಂ ಇದ್ದರೆ ಎಚ್ಚರ ಒಂದೇ.

ಸೋಮಾರಿತನ ಅನ್ನುವವರಿಗೆ ಇದನ್ನು ಓದಿ ಹೇಳಿ. ಆಸ್ಟ್ರೇಲಿಯಾದ ಡಬ್ಬೋ ಊರಿನಲ್ಲಿ ಮೂರು ಬೇರೆ ಬೇರೆ ಸೋಂಕುಗಳಲ್ಲಿ ಒಂದು ತಗುಲಿದ 253 ಜನರನ್ನು ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳಾದರೂ 12% ಜನರಿಗೆ ಸುಸ್ತು, ಮೈಕೈ ನೋವು, ತಲೆ ಮಂಕು ಹೋಗಿರಲಿಲ್ಲ. ಯಾರಿಗೆ ಉಳಿಯಿತು ಅನ್ನುವುದು ಅವರ ಮನಸ್ಸಿನ ಸ್ವಭಾವದ ಮೇಲೆ ನಿಂತಿರಲಿಲ್ಲ. ಶುರುವಿನ ಕಾಯಿಲೆ ಎಷ್ಟು ಜೋರಾಗಿತ್ತು ಅನ್ನುವುದೇ ಮುಖ್ಯವಾಗಿತ್ತು.

ಈಗ ‘ನಾರ್ಮಲ್’ ವಿಚಾರ. ಏನೇನು ನೋಡಿದ್ದಾರೆ? ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು), ಥೈರಾಯ್ಡ್, ಬಿ12, ಶುಗರ್, ಇಸಿಜಿ ಆಗಿದೆಯಾ ನೋಡಿಕೊಳ್ಳಿ. ಲ್ಯಾಬ್ ಬೇಡದ ಇನ್ನೊಂದು ಪರೀಕ್ಷೆ ಇದೆ. ಹತ್ತು ನಿಮಿಷ ಮಲಗಿ, ನಾಡಿ ಎಣಿಸಿ. ಎದ್ದು ಗೋಡೆಗೆ ಒರಗಿ ನಿಂತು, ಎರಡೆರಡು ನಿಮಿಷಕ್ಕೆ ಎಣಿಸುತ್ತಾ ಹತ್ತು ನಿಮಿಷ ಇರಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ತಲೆ ಸುತ್ತಿದರೆ ತಕ್ಷಣ ಕೂತುಬಿಡಿ. ಮಲಗಿದ್ದಾಗ ಇದ್ದದ್ದಕ್ಕಿಂತ ನಾಡಿ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಏರಿ ಅಲ್ಲೇ ನಿಂತರೆ, ಪಾಟ್ಸ್ ಅನ್ನುವ, ಎದ್ದು ನಿಂತಾಗ ನಾಡಿ ವಿಪರೀತ ಏರುವ ತೊಂದರೆ ಇರಬಹುದು. ಎಣಿಸಿದ್ದನ್ನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಪಾಟ್ಸ್ ಎಂದಾದರೆ ವ್ಯಾಯಾಮ ಮಲಗಿಯೋ ಕೂತೋ ಶುರುವಾಗಬೇಕು, ಅದೂ ಪಿಇಎಂ ತರದಷ್ಟು.

ಎರಡು ವಾರ ಒಂದು ನೋಟ್‌ಬುಕ್ ಇಡಿ. ನಡೆದದ್ದಷ್ಟೇ ಬರೆದರೆ ಸಾಲದು. ಸ್ನಾನ, ಉದ್ದದ ಫೋನ್ ಕರೆ, ಲೆಕ್ಕಪತ್ರ, ಜಗಳ ಎಲ್ಲಾ ಬರೆಯಿರಿ. ತಲೆಯ ಕೆಲಸವೂ ಕೆಲಸವೇ ಅಲ್ವಾ? ಎಷ್ಟು ಮಾಡಿದರೆ ಎರಡನೇ ದಿನ ಬೀಳುವುದಿಲ್ಲ ಅನ್ನುವುದು ಕಾಣತೊಡಗುತ್ತದೆ. ಅದಕ್ಕಿಂತ ಸ್ವಲ್ಪ ಕಡಿಮೆಯಲ್ಲೇ ಇರಿ. ಸುಸ್ತಾದ ಮೇಲೆ ನಿಲ್ಲಿಸುವುದಲ್ಲ, ಇನ್ನೂ ಮಾಡಬಹುದು ಅನ್ನುವಾಗಲೇ ನಿಲ್ಲಿಸುವುದು. ಹೆಚ್ಚಿನವರು ಎಡವುವುದು ಒಳ್ಳೆ ದಿನದಲ್ಲಿ: ಬಾಕಿ ಉಳಿದದ್ದೆಲ್ಲಾ ಅವತ್ತೇ ಮುಗಿಸಲು ಹೋಗುತ್ತಾರೆ.

ಸ್ನಾನವನ್ನೇ ತೆಗೆದುಕೊಳ್ಳಿ. ನಿಲ್ಲುವುದು, ಬಿಸಿನೀರು, ತಲೆ ಉಜ್ಜಲು ಕೈ ಎತ್ತುವುದು, ಮೂರೂ ಒಟ್ಟಿಗೆ ಬೀಳುತ್ತವೆ. ಸ್ಟೂಲ್ ಮೇಲೆ ಕೂತು, ಉಗುರುಬೆಚ್ಚಗಿನ ನೀರಲ್ಲಿ ಮಾಡಿ. ತಲೆಸ್ನಾನ ಬೇರೆ ದಿನಕ್ಕಿರಲಿ. ಮುಗಿದ ಮೇಲೆ ಹತ್ತು ನಿಮಿಷ ಮಲಗಿ, ಫೋನ್ ನೋಡದೆ.

ಎರಡು ಮೂರು ವಾರ ಒಂದೂ ಬುಧವಾರ ಕಾಡದಿದ್ದರೆ ಒಂದೇ ಒಂದು ಕೆಲಸವನ್ನು ಚೂರು ಹೆಚ್ಚಿಸಿ. ಬಿದ್ದರೆ ಹಿಂದಕ್ಕೆ ಬನ್ನಿ, ಬೇಜಾರು ಬೇಡ.

ಎದೆನೋವು, ಕೂತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು, ಕೆಮ್ಮಿದರೆ ರಕ್ತ, ಒಂದೇ ಕಾಲು ಊದಿಕೊಳ್ಳುವುದು, ಇವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರ ಮರಳಿದರೆ, ಸುಮ್ನೆ ತೂಕ ಇಳಿಯುತ್ತಿದ್ದರೆ ಡಾಕ್ಟರನ್ನು ಬೇಗ ಕಾಣಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ‘ಸುಸ್ತು’ ಅಂತಷ್ಟೇ ಹೇಳಬೇಡಿ. ‘ಸೋಮವಾರ ಅರ್ಧ ಗಂಟೆ ನಡೆದೆ, ಬುಧವಾರ ಏಳಲಾಗಲಿಲ್ಲ, ಮೂರು ಸಲ ಹೀಗೇ ಆಯಿತು’ ಎಂದು ನೋಟ್‌ಬುಕ್ ಮುಂದಿಡಿ. ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.