ಜಾತಿ ನೋಡಿ ಬೇಸತ್ತಿದೀನಿ, ಧರ್ಮ ಬಿಟ್ಟುಬಿಡ್ಲಾ, ಒಳಗಿದ್ದೇ ಸರಿಮಾಡ್ಲಾ?

ಡಿಗ್ರಿ ಮುಗಿಸಿದ ಹೊಸದ್ರಲ್ಲಿ ನಾನೂ ಹೀಗೇ ಒದ್ದಾಡ್ತಿದ್ದೆ. ನಮ್ದು ಜಾತ್ರೆ ಊಟಕ್ಕೆ ಮೊದಲ ಪಂಕ್ತೀಲಿ ಕೂರೋ ಮನೆ, ದಲಿತ ಕೇರಿಯವರಿಗೆ ಗುಡಿ ಹೊರಗೆ, ಕೊನೇಲಿ, ಅದೂ ಉಳಿದಿದ್ರೆ. ಬೆಂಗಳೂರಲ್ಲಿ ಅಂಬೇಡ್ಕರ್, ವಚನ ಅಂತ ಒಂದಿಷ್ಟು ಓದ್ಕೊಂಡು ಹೋಗಿದ್ದೆ ನೋಡಿ, ಜಾತ್ರೆ ಮೀಟಿಂಗಲ್ಲಿ ಎದ್ದು ನಿಂತು "ಈ ಸಲ ಅವರೂ ಒಳಗೆ ಬರ್ತಾರೆ, ಎಲ್ರಿಗೂ ಒಂದೇ ಪಂಕ್ತಿ" ಅಂದ್ಬಿಟ್ಟೆ.

ಗುಡಿ ವಿಷಯ ಎತ್ತಿದ್ದು ತಪ್ಪಲ್ಲ, ಅದನ್ನ ಇವತ್ತೂ ಹೇಳ್ತೀನಿ. ಕೇರೀಲಿ ಒಬ್ಬರನ್ನೂ ಕೇಳಿರ್ಲಿಲ್ಲ, ಅದು ತಪ್ಪು. ಜೊತೇಲಿ ಓದಿದ ಗೆಳೆಯ ಅಲ್ಲೇ ಇದ್ದ, ಹಿಂದಿನ ಸಂಜೆ ಒಟ್ಟಿಗೆ ಟೀ ಕುಡಿದಿದ್ವಿ, ಆಗ್ಲೂ ಬಾಯಿಬಿಡ್ಲಿಲ್ಲ, ಕೇಳಿ ಖುಷಿಪಡ್ತಾನೆ ಅಂತ ನಾನೇ ಅಂದ್ಕೊಂಡಿದ್ದೆ, ಬೇಡ ಕಣೋ ಅನ್ಬಹುದು ಅಂತ ತಲೆಗೇ ಹೋಗ್ಲಿಲ್ಲ, ಯಾಕಂದ್ರೆ ನಂಗೆ ಅವನಿಗಿಂತ ಆ ಭಾಷಣ ಮುಖ್ಯ ಆಗಿತ್ತು. ಸೋಮವಾರ ನಾನು ಬಸ್ ಹತ್ತಿ ಡ್ಯೂಟಿಗೆ ಬಂದೆ. ಅತ್ತ ಅವರಮ್ಮನ್ನ ಕಳೆ ಕೀಳೋಕೆ ಕರೆಯೋದು ನಿಲ್ಸಿದ್ರು, ಅಂಗಡೀಲಿ ಸಾಲ ಕೊಡ್ಲಿಲ್ಲ. ಕೇರಿಯವರು ಸ್ಮಶಾನಕ್ಕೆ ಜಾಗ ಬೇಕು ಅಂತ ತಾಲೂಕು ಆಫೀಸಿಗೆ ಅಲೀತಿದ್ರಂತೆ, ಊರವರು ಅದಕ್ಕೂ ಅಡ್ಡ ನಿಂತ್ರು. ಗೆಳೆಯ ಇವತ್ತಿಗೂ ಮಾತಾಡಲ್ಲ.

ಅದಕ್ಕೇ ನಿಮ್ಮ "ಬಿಡ್ಲಾ, ಇರ್ಲಾ" ನಂಗೆ ಹಿಡಿಸ್ಲಿಲ್ಲ. ಅದು ನಿಮ್ಮ ನೆಮ್ಮದಿ ಲೆಕ್ಕ. ಅಂಬೇಡ್ಕರ್ 1930ರಲ್ಲಿ ನಾಸಿಕದ ಕಾಳಾರಾಮ ಗುಡಿ ಮುಂದೆ ಸತ್ಯಾಗ್ರಹ ಶುರು ಮಾಡಿದ್ರು, ವರ್ಷಗಟ್ಟಲೆ ನಡೆದ್ರೂ ಒಳಗೆ ಬಿಡ್ಲಿಲ್ಲ, 1935ರಲ್ಲಿ ಹಿಂದೂ ಆಗಿ ಸಾಯಲ್ಲ ಅಂದ್ರು, ಬೌದ್ಧರಾಗಿದ್ದು 1956ರಲ್ಲಿ, ಲಕ್ಷಾಂತರ ಜನರ ಜೊತೆ. ರೂಮಲ್ಲಿ ಒಬ್ರೇ ಕೂತು ತಗೊಂಡ ತೀರ್ಮಾನ ಅಲ್ಲ ಅದು. ಆಮೇಲೂ ಬೌದ್ಧರಾದ ದಲಿತರಿಗೆ ಕೇಂದ್ರದ ಎಸ್‌ಸಿ ಮಾನ್ಯತೆ ಸಿಗೋಕೆ 1990 ಬರ್ಬೇಕಾಯ್ತು, ಕ್ರೈಸ್ತರಾದವರಿಗೆ ಇನ್ನೂ ಇಲ್ಲ, ಮೇಲಿಂದ ಕೆಲವು ಕಡೆ ಕ್ರೈಸ್ತರಲ್ಲೇ ಅವರನ್ನ ಹೂಳೋ ಜಾಗಾನೂ ಬೇರೆ. ಮತ ಬದಲಾಯಿಸಿದ್ರೆ ಮುಗೀತು ಅಂತ ಪುಕ್ಕಟೆ ಸಲಹೆ ಕೊಡೋರ ಮಾತು ಕೇಳ್ಬೇಡಿ.

ನಿಮ್ಮೂರಲ್ಲಿ ಹೊರಗೆ ನಿಂತೋರು ಇದಾರಲ್ಲ, ಮೊದ್ಲು ಅವರಿಗೇನು ಬೇಕು ಕೇಳಿ. ಗುಡಿ ಅಂದ್ರೆ ಜೊತೆಗೆ ಹೋಗಿ, ಬೈಗುಳ ತಿನ್ನಿ. ಜಮೀನು ಅಂದ್ರೆ ಅರ್ಜಿ ಬರೆದುಕೊಡಿ. ಬಹಿಷ್ಕಾರ ಹಾಕಿದ್ರೆ 2015ರ ತಿದ್ದುಪಡಿ ಆದ್ಮೇಲೆ ಎಸ್‌ಸಿ-ಎಸ್‌ಟಿ ದೌರ್ಜನ್ಯ ತಡೆ ಕಾಯ್ದೇಲಿ ಅದೇ ಅಪರಾಧ, ಅವರು ಕೇಸ್ ಹಾಕ್ತೀವಿ ಅಂದ್ರೆ ನಿಮ್ಮೋರ ವಿರುದ್ಧಾನೇ ಸಾಕ್ಷಿ ಹೇಳ್ಬೇಕಾಗುತ್ತೆ, ರೆಡಿ ಇದೀರಾ? ದೇವರನ್ನ ಇಟ್ಕೊಳ್ಳೋದು ಬಿಡೋದು ಆಮೇಲೆ ನೋಡ್ಕೊಳ್ಳಿ, ಅದಕ್ಕೇನು ಅರ್ಜೆಂಟಿಲ್ಲ.